ಫ್ರೀ ಇರುವ ಅತ್ತೆಯ ದಂಡಯಾತ್ರೆ

ನಮ್ಮ ಸೋದರತ್ತೆ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತಳಾದ ಮರುದಿನವೇ ವಠಾರದವರು ಅವಳಿಗೊಂದು ಹೊಸ ಹುದ್ದೆ ಕೊಟ್ಟರು. ಹುದ್ದೆಯ ಹೆಸರು ‘ಫ್ರೀ’.

ಒಂದೇ ಅಕ್ಷರದ ಈ ಪದಕ್ಕೆ ನಮ್ಮಲ್ಲಿ ಏನೆಲ್ಲ ಮರ್ಯಾದೆ! ಸೋಪಿನ ಜೊತೆ ಬರುವ ಬಾಚಣಿಗೆ ಫ್ರೀ. ಕಟ್ಟಿದ ಮೂಗು ಬಿಟ್ಟರೆ ಫ್ರೀ. ‘ಫ್ರೀಯಾಗಿ ಮಾತಾಡಿ’ ಎಂದ ಮೇಲಧಿಕಾರಿ ಮರುದಿನ ಮೆಮೊ ಕೊಡುತ್ತಾನೆ. ಆದರೆ ಮನೆಯಲ್ಲಿರುವ ಒಂಟಿ ಹೆಂಗಸಿಗೆ ಅದು ಅಂಟಿತೋ, ಊರ ಚಾಕರಿಯೆಲ್ಲ ಅವಳ ತಲೆಗೆ. ಕೆಲಸಕ್ಕೆ ಹೊರಟವರೆಲ್ಲ ಬೀಗದ ಕೈಗಳನ್ನು ಅತ್ತೆಯ ಬಾಗಿಲ ಮೊಳೆಗೆ ನೇತುಹಾಕತೊಡಗಿದರು. ನಲ್ಲಿಯವನಿಗೆ ಬಾಗಿಲು ತೆಗೆಯುವವಳೂ ಅವಳೇ, ಪಾರ್ಸೆಲ್ ಇಸಿದುಕೊಳ್ಳುವವಳೂ ಅವಳೇ.

ಅತ್ತೆಯ ಹಂಬಲವೇ ಬೇರೆ. ಸರ್ವಿಸಿನುದ್ದಕ್ಕೂ ಡ್ರೈವರನ ಬೆನ್ನು ನೋಡಿ ಸಾಕಾಗಿ, ಈಗ ಕಾರು ಕಲಿತಿದ್ದಳು. ಲೈಸೆನ್ಸ್ ಪರೀಕ್ಷೆಯನ್ನು ಒಮ್ಮೆ ನಲ್ಲಿಯವನು ತಪ್ಪಿಸಿದ, ಇನ್ನೊಮ್ಮೆ ಯಾರದೋ ಪಾರ್ಸೆಲ್ಲು. ಮತ್ತೆ ಗೈರಾದರೆ ಡ್ರೈವಿಂಗ್ ಸ್ಕೂಲಿನ ಲೆಕ್ಕದಲ್ಲಿ ಮೊದಲಿನಿಂದ ಕಲಿಯಬೇಕಿತ್ತು.

ಮೂರನೇ ಸಲದ ಪರೀಕ್ಷೆಯಿದ್ದ ಆ ಬೆಳಿಗ್ಗೆ ಮಹಡಿಯ ಮೇಷ್ಟ್ರು ಬಂದರು. “ಅಕ್ಕಾ, ಮಧ್ಯಾಹ್ನ ಗ್ಯಾಸಿನವನು ಬರ್ತಾನೆ. ನೀವು ಹೇಗೂ ಫ್ರೀ ಅಲ್ವಾ?”

“ಪೂರ್ತಿ ಫ್ರೀ!” ಎಂದಳು ಅತ್ತೆ.

ಅವರು ಮರೆಯಾದದ್ದೇ ತಡ, ಇದ್ದಬದ್ದ ಬೀಗದ ಕೈಗಳನ್ನೆಲ್ಲ ಹಳೆಯ ಚರ್ಮದ ಚೀಲಕ್ಕೆ ಸುರಿದು, ಹೆಗಲಿಗೇರಿಸಿ, ರಜೆಗೆ ಬಂದಿದ್ದ ನನ್ನನ್ನೂ ಎಳೆದುಕೊಂಡು ರಣರಂಗಕ್ಕೆ ಹೊರಟಳು.

ಪರೀಕ್ಷೆಯ ಮೈದಾನದಲ್ಲಿ ಆರ್‌ಟಿಒ ಇನ್‌ಸ್ಪೆಕ್ಟರ್ ಅವಳ ಪಕ್ಕದಲ್ಲಿ ಕೂತ, ನಾನು ಹಿಂದೆ. “ರೈಟ್!” ಎಂದು ಗುಡುಗಿ ಅತ್ತೆ ಕಾರು ಬಿಟ್ಟಳು. ತಿರುವು, ಏರು, ಎಲ್ಲ ಸಲೀಸು. ಕೊನೆಗೆ ಅವನು “ನಿಲ್ಲಿಸಿ” ಎಂದ. ಅತ್ತೆ ಬಾಗಿಲನ್ನು ಪಟಪಟ ಬಡಿದು, “ಹೋಲ್ಡಾನ್!” ಎಂದು ಕೂಗಿ, ಕಾರು ನಿಲ್ಲಲೆಂದು ಕಾದಳು. ಬ್ರೇಕು ಇರುವುದು ತನ್ನ ಕಾಲಡಿಯೇ ಎಂದು ಹೊಳೆಯುವಷ್ಟರಲ್ಲಿ ರಬ್ಬರ್ ಕಂಬವೊಂದು ವೀರಸ್ವರ್ಗ ಸೇರಿತ್ತು.

“ಮುಂದಿನ ವಾರ ಬನ್ನಿ ತಾಯಿ,” ಎಂದ ಇನ್‌ಸ್ಪೆಕ್ಟರ್, ಬೆವರೊರೆಸಿಕೊಳ್ಳುತ್ತ.

ಸಂಜೆ ನಾವು ಮರಳಿದಾಗ ಇಡೀ ವಠಾರ ಮೆಟ್ಟಿಲ ಮೇಲೆ ಕೂತಿತ್ತು, ಮಡಿಲಲ್ಲಿ ಬ್ಯಾಗು, ಮುಖದಲ್ಲಿ ಉರಿ.

“ಏನಕ್ಕಾ ಇದು? ಗ್ಯಾಸಿನವನು ವಾಪಸ್ ಹೋದ! ಫ್ರೀ ಅಂದಿದ್ರಲ್ಲ?” ಮೇಷ್ಟ್ರು ಸಿಡುಕಿದರು.

“ಫ್ರೀ ಇದ್ದೆ ಮೇಷ್ಟ್ರೇ. ಅದಕ್ಕೇ ಹೋದೆ.”

ಕೆಳಮನೆಯ ಸೊಸೆಗೆ ನಗು ತಡೆಯಲಾಗಲಿಲ್ಲ. “ಪಾಸಾದ್ರಾ ಅಕ್ಕಾ?”

“ಫೇಲು!” ಎಂದಳು ಅತ್ತೆ, ಕೋಟೆ ಗೆದ್ದವಳ ಗತ್ತಿನಲ್ಲಿ ಬೀಗದ ಕೈ ಹಂಚುತ್ತ. “ಮುಂದಿನ ವಾರಾನೂ ಹೋಗ್ತೀನಿ. ಪಾಸಾಗೋವರೆಗೂ ಹೋಗ್ತಾನೇ ಇರ್ತೀನಿ. ಪಾಸಾದ್ಮೇಲಂತೂ ನಾನು ಮನೇಲಿ ಸಿಗೋದೇ ಇಲ್ಲ, ಈಗಲೇ ಹೇಳಿರ್ತೀನಿ!”