ಓಣಿಗೆ ಬಂದ ಕ್ಯಾಂಪರ್ ವ್ಯಾನ್

ಹೋದ ಭಾನುವಾರ ನಮ್ಮ ಓಣಿಯಲ್ಲಿ ಟ್ರಾಫಿಕ್ ಜಾಮ್. ಕಾರಣ ನಾವೇ.

ಮಾನ್ವಿಯಲ್ಲಿ ಗಾಡಿಗಳಿಗೆ ಬಾಡಿ ಕಟ್ಟುವ ಮಹಬೂಬಣ್ಣ ಹಳೆಯದೊಂದು ಟೆಂಪೊವನ್ನು ಕ್ಯಾಂಪರ್ ವ್ಯಾನ್ ಮಾಡಿದ್ದಾರೆ. ಒಳಗೇ ಮಂಚ, ಗ್ಯಾಸ್ ಒಲೆ, ಸಿಂಕು, ಪುಟ್ಟ ಸಂಡಾಸು. ಮಾರಲೆಂದು ಅದನ್ನು ರಾಯಚೂರಿಗೆ ತಂದು ನಮ್ಮ ಮನೆ ಮುಂದೆ ನಿಲ್ಲಿಸಿದ್ದರು. ಕರೆಸಿದ್ದು ನನ್ನ ಗಂಡ. (ಆರು ತಿಂಗಳಿಂದ ಅವರು ಇಂಥ ಗಾಡಿಗಳ ವಿಡಿಯೊ ಬಿಟ್ಟು ಬೇರೇನೂ ನೋಡಿಲ್ಲ.)

“ಲಾಡ್ಜ್ ಹುಡುಕೋದಿಲ್ಲ. ಮಂದಿ ಚಾದರದಾಗ ಮಲಗೋದಿಲ್ಲ. ಎಲ್ಲಿ ಬೇಕಲ್ಲಿ ನಿಂತು ಬಿಸಿ ರೊಟ್ಟಿ ತಿನ್ನಬಹುದು” ಎಂದರು.

“ಬಡಿಯೋರು ಯಾರ್ರೀ?” ಎಂದೆ. ಅವರು ಟೈರು ನೋಡತೊಡಗಿದರು.

ನನ್ನ ತಕರಾರು ರೊಟ್ಟಿಯದಷ್ಟೇ ಅಲ್ಲ. ಇದನ್ನು ನಿಲ್ಲಿಸುವುದೆಲ್ಲಿ? ನಮ್ಮೂರ ಬೇಸಿಗೆಯಲ್ಲಿ ಆ ತಗಡಿನೊಳಗೆ ನಾವೇ ಬೆಂದುಹೋಗುವುದಿಲ್ಲವೇ? ನಾವು ಊರು ಬಿಡುವುದು ವರ್ಷಕ್ಕೆ ಎರಡು ಸಲ. ಉಳಿದ ದಿನ ಓಣಿಯ ಬೆಕ್ಕು ಅದರಲ್ಲಿ ಸಂಸಾರ ಹೂಡುತ್ತದೆ. ಆದರೂ, ಬೆಳಿಗ್ಗೆ ಕಿಟಕಿ ತೆರೆದರೆ ಕೃಷ್ಣೆ ಕಾಣಬೇಕು ಎಂಬ ಆಸೆ ನನಗೂ ಇಲ್ಲ ಎನ್ನಲಾರೆ.

ಅಷ್ಟರಲ್ಲಿ ನನ್ನ ಅವ್ವ ಹೊರಗೆ ಬಂದಳು.

ನಮ್ಮ ಜೊತೆಗೇ ಇರುವ ಅವ್ವ ಎಲ್ಲಿಗೂ ಬರುವವಳಲ್ಲ. ದೇವದುರ್ಗದಲ್ಲಿರುವ ಸ್ವಂತ ತಂಗಿಯನ್ನು ಕಂಡೇ ಎಂಟು ವರ್ಷ. “ನನಗ ತಿರುಗಾಟ ಸೇರಂಗಿಲ್ಲವ್ವಾ, ನೀವು ಹೋಗಿಬರ್ರಿ” ಅನ್ನುತ್ತಾಳೆ. ಮನೆಯಲ್ಲೇ ಸುಖ ಕಂಡವಳು ಎಂದು ಇದೇ ಅಂಕಣದಲ್ಲಿ ಹೊಗಳಿದ್ದೆ. ನೀವೂ ಮೆಚ್ಚಿ ಪತ್ರ ಬರೆದಿದ್ದಿರಿ.

ಅವಳು ಗಾಡಿ ಹತ್ತಿದಳು. ಮಂಚ ನೋಡಲಿಲ್ಲ, ಒಲೆ ಮುಟ್ಟಲಿಲ್ಲ. ನೇರ ಹಿಂದಕ್ಕೆ ಹೋಗಿ ಸಂಡಾಸಿನೊಳಗೆ ಹೊಕ್ಕು ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು. ತೆಗೆದ ಸದ್ದು. ಮತ್ತೆ ಬಿದ್ದ ಸದ್ದು.

ಹೊರಗೆ ಬಂದು, “ಸಾಹೇಬ್ರ, ಇದು ದೇವದುರ್ಗಕ್ಕ ಹೋಗ್ತದೇನ್ರೀ?” ಎಂದಳು.

“ಕಾಶ್ಮೀರಕ್ಕ ಹೋಗ್ತದವ್ವಾ” ಎಂದರು ಮಹಬೂಬಣ್ಣ.

“ಕಾಶ್ಮೀರದಾಗ ನನಗ್ಯಾರದಾರ? ದೇವದುರ್ಗಕ್ಕ ನಡೀರಿ.”

ಹಾಗಾಗಿ ಗಾಡಿಯ ಟ್ರಯಲ್ ನಡೆದದ್ದು ದೇವದುರ್ಗದ ದಾರಿಯಲ್ಲಿ. ಗಬ್ಬೂರು ದಾಟುವ ಮೊದಲೇ ಅವ್ವ ಒಂದು ಬಾಟಲಿ ನೀರು ಕುಡಿದು ಮುಗಿಸಿದಳು. ಪ್ರಯಾಣದಲ್ಲಿ ಅವಳು ನೀರು ಕುಡಿದದ್ದನ್ನು ನಾನು ನೋಡಿಯೇ ಇರಲಿಲ್ಲ.

ಅವಳಿಗೆ ಶುಗರ್. ತಾಸಿಗೊಮ್ಮೆಯಾದರೂ ಎದ್ದು ಹೋಗಬೇಕು. ತುಂಬಿದ ಬಸ್ಸಿನಲ್ಲಿ ಯಾರಿಗೆ ಹೇಳುವುದು? ಕಂಡಕ್ಟರಿಗೆ? ಅಳಿಯನಿಗೆ?

ಹಿಂದಿನ ಸಲ ಬಸ್ಸಿನ ಹೊಗೆಗೆ ಅವಳಿಗೆ ತಲೆ ಸುತ್ತಿತ್ತು ಎಂದೇ ನನ್ನ ನೆನಪು. ಮನೆಗೆ ಮರಳಿದ ಮೇಲೆ ಹಳೇ ಡೈರಿ ತೆಗೆದೆ. “ಅವ್ವ ಬೆಳಗಿನಿಂದ ಹನಿ ನೀರು ಕುಡಿದಿಲ್ಲ. ನೀರಡಿಕೆ ಇಲ್ಲವಂತೆ. ಬಸ್ಸಿನಲ್ಲಿ ತಲೆ ಸುತ್ತಿ ಬಿದ್ದಳು.” ನನ್ನದೇ ಅಕ್ಷರ. ಹೊಗೆಯ ಮಾತೇ ಇಲ್ಲ. ಅದನ್ನು ಯಾವಾಗ ಸೇರಿಸಿದೆ ನಾನು?

ಅಂದು ದೇವದುರ್ಗ ಮುಟ್ಟಿದಾಗ ಅವ್ವನ ತಂಗಿ, ನನ್ನ ಚಿಗವ್ವ, ಬಾಗಿಲಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಏನಕ್ಕಾ, ದಾರಿ ಸಿಕ್ತೇನು? ನಾ ಸತ್ತ ಮ್ಯಾಲ ಬರಾಕಿ ಅಂತ ಮಾಡಿದ್ದೆ.”

ಅವ್ವ ತಂಗಿಯ ಕೈ ಹಿಡಿದು ಗಾಡಿಯೊಳಗೆ ಕರೆದೊಯ್ದಳು. ಆ ಸಣ್ಣ ಬಾಗಿಲು ತೆರೆದು ತೋರಿಸಿದಳು. ಅಷ್ಟೇ.

ಚಿಗವ್ವ ನೋಡಿದಳು. ಮೆಲ್ಲಗೆ ಮಂಚದ ಮೇಲೆ ಕುಳಿತಳು.

“ನಾನೂ ಇದಕ್ಕಾಗೇ ನಿನ್ನ ಕಡೆ ಬರಲಿಲ್ಲಕ್ಕಾ. ಬಿಪಿ ಗುಳಿಗಿ ನುಂಗಿದ್ರ ತಡಿಯಾಕ ಆಗಂಗಿಲ್ಲ. ಮನ್ಯಾಗ ಮೊಣಕಾಲು ನೋವು ಅಂತ ಹೇಳೀನಿ.”

“ಮತ್ತ ಎಣ್ಣಿ ಹಚ್ಚತಾರೇನು?”

“ಸೊಸಿ ದಿನಾ ತಿಕ್ಕತಾಳ, ಪಾಪ. ಬ್ಯಾಡ ಅಂತ ಹೆಂಗ ಹೇಳಲಿ?”

ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಒರಗಿ ನಕ್ಕರು. ನಗುತ್ತಲೇ ಅವ್ವ ಸೆರಗಿನಿಂದ ತಂಗಿಯ ಕಣ್ಣು ಒರೆಸಿದಳು, ಆಮೇಲೆ ತನ್ನದು. ನಾನು ಹೊರಗೆ ನಿಂತಿದ್ದೆ. ಒಳಗೆ ಹೋಗಲು ಮುಖವಿರಲಿಲ್ಲ.

ಗಾಡಿ ನಾವು ಕೊಳ್ಳಲಿಲ್ಲ. ನಮ್ಮ ಓಣಿಯಲ್ಲಿ ಅದು ಹಿಡಿಯುವುದಿಲ್ಲ. ನನ್ನ ಗಂಡನೂ ಒಪ್ಪಿದರು, ಬೇಸರದಿಂದಲೇ. ಮಹಬೂಬಣ್ಣ ಬಾಡಿಗೆಗೆ ಕೊಡುತ್ತಾರಂತೆ. ಬರುವ ಮಂಗಳವಾರ ಅಕ್ಕತಂಗಿಯರಿಬ್ಬರೂ ನೀರಮಾನ್ವಿಯ ಎಲ್ಲಮ್ಮನ ದರ್ಶನಕ್ಕೆ ಹೊರಟಿದ್ದಾರೆ. ನಮ್ಮನ್ನು ಕರೆದಿಲ್ಲ.

ರಾಯಚೂರಿನಿಂದ ದೇವದುರ್ಗಕ್ಕೆ ಬಸ್ಸಿದೆ, ಒಂದೂವರೆ ತಾಸಿನ ದಾರಿ. ಆ ದಾರಿಯಲ್ಲಿ ಒಬ್ಬ ಹೆಂಗಸು ತನ್ನ ತಂಗಿಯನ್ನು ಕಾಣಲು ಮನೆಯನ್ನೇ ಗಾಲಿಯ ಮೇಲೆ ಒಯ್ಯಬೇಕು ಎಂದರೆ, ಆ ರಸ್ತೆಯನ್ನು ನಾವು ಮಾಡಿಟ್ಟದ್ದು ಯಾರಿಗೆ?