ಇಡೀ ಗಿರಿಜಕ್ಕ

ಮೇಘಾ, ನಿಖಿಲ್,

ಹೋದ ತಿಂಗಳು ನಿಖಿಲನ ಹುಟ್ಟುಹಬ್ಬದ ದಿನ ಎಲ್ಲರೂ ಫೋಟೋಕ್ಕೆ ನಿಂತಾಗ ಮೇಘಾ ಮೆಲ್ಲಗೆ ಸರಿದು ಬಾಗಿಲ ಹಿಂದೆ ನಿಂತದ್ದನ್ನು ನಾನು ನೋಡಿದೆ. ಯಾಕೆ ಮಗು ಎಂದರೆ, "ಅಜ್ಜೀ, ಫೋಟೋದಲ್ಲಿ ಮೋಟೀ, ದಪ್ಪ ಕಾಣ್ತೀನಿ" ಎಂದಳು. ನನಗೆ ತಟ್ಟನೆ ಮಾತು ತೋಚುವುದಿಲ್ಲ, ನಿಮಗೆ ಗೊತ್ತು. ಬರೆಯಲು ಕೂತರೆ ಸ್ವಲ್ಪ ಧೈರ್ಯ ಬರುತ್ತದೆ. ನಿಮಗೆ ಓದುವುದು ಕಷ್ಟವಾದರೆ ಅಮ್ಮನ ಕೈಲಿ ಓದಿಸಿಕೊಳ್ಳಿ. ಇದು ನಮ್ಮ ಎದುರು ಮನೆಯಲ್ಲಿದ್ದ ಗಿರಿಜಕ್ಕನ ಕಥೆ. ಅವಳು ನಿಮ್ಮ ಅಮ್ಮನಿಗೂ ಬೇಕಾದವಳೇ.

ಗಿರಿಜಕ್ಕ ಮನೆಗೆ ಬರುವುದು ಇಡೀ ಬಿಲ್ಡಿಂಗಿಗೆ ಗೊತ್ತಾಗುತ್ತಿತ್ತು. ಆಂಟಾಪ್ ಹಿಲ್‌ನ ಕ್ವಾರ್ಟರ್ಸ್‌ನಲ್ಲಿ ಮೂರನೇ ಮಹಡಿಯಲ್ಲಿ ನಮ್ಮದೂ ಅವಳದೂ ಎದುರುಬದುರು ಬಾಗಿಲು. ಲಿಫ್ಟ್ ಇರಲಿಲ್ಲ. ಅವಳು ಪ್ರತಿ ಮಹಡಿಯಲ್ಲೂ ಕೂತು, ಉಸಿರು ತೆಗೆದುಕೊಂಡು, "ಗೂಡ್ಸ್ ಗಾಡಿ ಬಂತ್ರೀ, ಸಿಗ್ನಲ್ ಕೊಡ್ರಿ!" ಎಂದು ಕೂಗುತ್ತಿದ್ದಳು. ಮಕ್ಕಳೆಲ್ಲ ಮೇಲಿನಿಂದ ಸಿಳ್ಳೆ ಹಾಕುತ್ತಿದ್ದರು. ತನ್ನ ಮೈ ಬಗ್ಗೆ ಮೊದಲು ತಾನೇ ನಕ್ಕುಬಿಟ್ಟರೆ ಉಳಿದವರಿಗೆ ನಗಲು ಹೆಚ್ಚೇನೂ ಸಿಗುವುದಿಲ್ಲ ಎಂಬುದು ಅವಳ ಲೆಕ್ಕವೆಂದು ನನಗೆ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು.

ಅವಳು ಗದಗಿನ ಕಡೆಯವಳು. ಬೈಕುಲ್ಲಾದ ಒಂದು ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್. ಕಂಚಿನಂಥ ದನಿ. ಎಲ್ಲರೂ ನೈಲಾನ್ ಸೀರೆಗೆ ತಿರುಗಿದ್ದ ಕಾಲದಲ್ಲೂ ಅವಳು ಇಳಕಲ್ ಸೀರೆ ಬಿಡಲಿಲ್ಲ. ನನ್ನ ಮೈಸೂರು ಕಡೆಯ ಮಾತನ್ನು ಕೇಳಿ, "ಏನ ತಂಗಿ, ನಿಮ್ಮ ಕನ್ನಡಕ್ಕ ಖಾರಾನ ಹಾಕಿಲ್ಲಲ್ಲ!" ಎಂದು ರೇಗಿಸುತ್ತಿದ್ದಳು. ಲೋಕಲ್ ರೈಲಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರು ಒತ್ತಿಕೊಂಡು ಕೂರುವುದು ರೂಢಿ. ಅವಳು ಮಾತ್ರ ಯಾರಿಗೂ "ಸರೀರಿ" ಎನ್ನದೆ ದಾದರ್‌ನಿಂದ ಬೈಕುಲ್ಲಾವರೆಗೆ ನಿಂತೇ ಹೋಗುತ್ತಿದ್ದಳು.

ಎಂಬತ್ತರ ದಶಕ ಮುಗಿಯುತ್ತಿದ್ದ ಸಮಯ. ನಮ್ಮ ಕೆಳಗಿನ ಮನೆಯ ಸುನೀತಾ ಕಾಲೇಜಿನ ಗೆಳೆಯರ ಜೊತೆ ಸೇರಿ ಒಂದು ಡಾಕ್ಯುಮೆಂಟರಿ ತೆಗೆದಳು. ವಡಾ ಪಾವ್, ಪಾವ್ ಭಾಜಿ, ಆಗ ತಾನೇ ಬರುತ್ತಿದ್ದ ಬರ್ಗರ್, ಇವನ್ನೆಲ್ಲ ತಿಂದು ಊರಿನ ಜನ ಹೇಗೆ ದಪ್ಪವಾಗುತ್ತಿದ್ದಾರೆ, ಎಂಥ ಕಾಯಿಲೆ ಬರುತ್ತದೆ ಎಂದು ಹೇಳುವ ಚಿತ್ರ. ನಮ್ಮ ಕಾಲೋನಿಯ ಹುಡುಗಿ ಎಂಬ ಹೆಮ್ಮೆಗೆ ಒಂದು ಭಾನುವಾರ ಮಧ್ಯಾಹ್ನ ಹಾಲ್‌ನಲ್ಲಿ ಎತ್ತರದ ಮೇಜಿನ ಮೇಲೆ ಟಿವಿ ಇಟ್ಟು, ವಿಸಿಆರ್ ತರಿಸಿ, ಎಲ್ಲರನ್ನೂ ಕರೆದರು.

ಕಪ್ಪಗೆ ಕುದಿಯುವ ಎಣ್ಣೆ ತೋರಿಸಿದರು. ಡಾಕ್ಟರೊಬ್ಬರು ಸಕ್ಕರೆ ಕಾಯಿಲೆ, ಹೃದಯದ ಬಗ್ಗೆ ಹೇಳಿದರು. ಆಮೇಲೆ ಡೋಲಿನ ತಾಳಕ್ಕೆ ರಸ್ತೆಯಲ್ಲಿ ನಡೆಯುವ ದಪ್ಪ ಜನ ಬಂದರು. ಯಾರಿಗೂ ತಲೆ ಇಲ್ಲ. ಕುತ್ತಿಗೆಗೇ ಚಿತ್ರ ಮುಗಿಯುತ್ತಿತ್ತು. ಬರೀ ಹೊಟ್ಟೆ, ಸೊಂಟ. ಕೊನೆಗೆ ಬೈಕುಲ್ಲಾ ಸ್ಟೇಷನ್ನಿನ ಹೊರಗೆ, ಕೈಯಲ್ಲಿ ವಡಾ ಪಾವ್ ಹಿಡಿದ ಒಂದು ದಾಳಿಂಬೆ ಬಣ್ಣದ ಇಳಕಲ್ ಸೀರೆ.

"ಅರೇ, ಯೆ ತೋ ಗಿರಿಜಾ ಆಂಟಿ ಹೈ!" ಎಂದು ಮುಂದೆ ಕೂತ ಹುಡುಗನೊಬ್ಬ ಕೂಗಿದ. ಹಾಲ್ ಹಾಲೇ ನಕ್ಕಿತು. ನಿಮ್ಮ ಅಮ್ಮನೂ ನಕ್ಕಳು, ಆಗ ಅವಳು ಚಿಕ್ಕವಳು. ಗಿರಿಜಕ್ಕ ನನ್ನ ಪಕ್ಕದಲ್ಲೇ ಇದ್ದಳು. ಎಲ್ಲರೂ ಹಿಂತಿರುಗಿ ಅವಳ ನಗುವಿಗಾಗಿ ಕಾದರು. ಅವಳು ನಗಲಿಲ್ಲ. ನನ್ನ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

"ಸುನೀತಾ, ಹಿಂದಕ್ಕ ತಿರಗಸು. ಹಾಂ, ಅಲ್ಲೇ ನಿಲ್ಲಸು."

ಚಿತ್ರ ಗೆರೆಗೆರೆಯಾಗಿ ನಡುಗುತ್ತಾ ನಿಂತಿತು. ಗಿರಿಜಕ್ಕ ನಿಧಾನವಾಗಿ ನಡೆದು ಮೇಜಿನ ಹಿಂದೆ ಹೋದಳು. ಟಿವಿಯ ಹಿಂದೆ ನಿಂತು ಗದ್ದವನ್ನು ಅದರ ತಲೆಯ ಮೇಲೆ ಇಟ್ಟಳು. ಕೆಳಗೆ ಪರದೆಯಲ್ಲಿ ಅವಳ ಹೊಟ್ಟೆ, ಮೇಲೆ ಅವಳ ಮುಖ, ದೊಡ್ಡ ಕುಂಕುಮ.

"ಈಗ ನೋಡ್ರಿ. ಈಗ ಪೂರ್ತಿ ಆತು."

ಒಂದಿಬ್ಬರು ನಕ್ಕು ನಿಲ್ಲಿಸಿದರು.

"ಆಫೀಸನ್ಯಾಗ ನನ್ನ ದನಿ ಅಷ್ಟ ಬೇಕು. ಪಿಚ್ಚರನ್ಯಾಗ ನನ್ನ ಹೊಟ್ಟಿ ಅಷ್ಟ ಬೇಕು. ಇಡೀ ಗಿರಿಜಾ ಯಾರಿಗೂ ಬ್ಯಾಡೇನು?"

ಸುನೀತಾಳ ಕಣ್ಣು ತುಂಬಿತ್ತು. "ಸಾರಿ ಆಂಟಿ. ಫೇಸ್ ತೋರಿಸಿದ್ರೆ ನಿಮಗೆ ಬೇಜಾರಾಗತ್ತೆ ಅಂತ ಕಟ್ ಮಾಡಿದ್ವಿ."

"ಒಂದು ಮಾತು ಕೇಳಬೇಕಿಲ್ಲೋ? ಲಿಫ್ಟ್ ಇಲ್ಲಂತ ಬಿಟ್ಟೇನು? ಮುಂದಿನ ಐತವಾರ ಮನಿಗೆ ಬಾ. ಕ್ಯಾಮೆರಾ ತಗೊಂಡು ಬಾ."

ಸುನೀತಾ ಮತ್ತವಳ ಗೆಳೆಯರು ಬಂದರು. ಗಿರಿಜಕ್ಕ ನನ್ನನ್ನು ಪಕ್ಕದಲ್ಲಿ ಕೂರಲು ಕರೆದಳು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತೆ. ಕ್ಯಾಮೆರಾ ಮುಂದೆ ಅವಳು ತನ್ನ ಮಾತನ್ನೆಲ್ಲ ಹಿಂದಿಯಲ್ಲೂ ಹೇಳಿದಳು. ನನಗೆ ನೆನಪಿರುವುದು ಮೊದಲು ಕನ್ನಡದಲ್ಲಿ ಹೇಳಿದ್ದು.

"ಡಾಕ್ಟರ್ ಹೇಳಿದ್ದು ಖರೆ ಐತಿ. ಆ ಎಣ್ಣಿ ಕೆಟ್ಟದ್ದು. ನನಗ ಸಕ್ಕರಿ ಕಾಯಿಲೆ ಬಂದೈತಿ, ಮೊಣಕಾಲು ಹೋಗ್ಯಾವ. ಆದ್ರ ಬೆಳಕು ಹರಿಯೂದ್ರಾಗ ಎದ್ದು ಗಂಡಗ, ಮಕ್ಕಳಿಗೆ, ಮಾವಗ ಡಬ್ಬಿ ಕಟ್ಟತೀನಿ. ನಂದು ಕಟ್ಟಬೇಕಂದ್ರ ಬಸ್ ಹೋಗಿರತೈತಿ. ಸ್ಟೇಷನ್ ಹೊರಗ ಆ ಮನಷ್ಯಾ 'ತಾಯಿ, ಗರಮ್ ಹೈ' ಅಂತ ಕೈಯಾಗ ಇಡತಾನ. ಇಡೀ ದಿನದಾಗ ಯಾರರೆ ನನಗಂತ ಬಿಸಿ ಮಾಡಿ ಕೊಡೂದು ಅದೊಂದ ನೋಡು. ಇದನ್ನೂ ನಿನ್ನ ಪಿಚ್ಚರನ್ಯಾಗ ಹಾಕು."

ಸುನೀತಾ ಹಾಕಿದಳು. ಡೋಲು ತೆಗೆದಳು, ತಲೆಯಿಲ್ಲದ ಜನರನ್ನೆಲ್ಲ ತೆಗೆದಳು. ಚಿತ್ರ ಗಿರಿಜಕ್ಕನ ಮುಖದಿಂದಲೇ ಶುರುವಾಗುವಂತೆ ಮಾಡಿದಳು. ಅದನ್ನು ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ತೋರಿಸಿದರು. ದಾದರ್‌ನ ಒಂದು ಹಾಲ್‌ಗೆ ನಾನೂ ಹೋಗಿದ್ದೆ. ಪಕ್ಕದಲ್ಲಿದ್ದ ಮರಾಠಿ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಾಗ, ಗುರುತಿಲ್ಲದವರನ್ನು ಎಂದೂ ಮಾತಾಡಿಸದ ನಾನು, "ಇವರು ನಮ್ಮ ಎದುರು ಮನೆಯವರು" ಎಂದು ಹರಕು ಹಿಂದಿಯಲ್ಲಿ ಹೇಳಿಕೊಂಡೆ. ನನ್ನ ದನಿಗೆ ನಾನೇ ಬೆಚ್ಚಿದೆ.

ಚಿತ್ರ ನೋಡಿದ ಮರುದಿನ ಅವಳ ಗಂಡ ತಾವೇ ಉಪ್ಪಿಟ್ಟು ಮಾಡಿ ಅವಳಿಗೊಂದು ಡಬ್ಬಿ ಕಟ್ಟಿದರಂತೆ. "ಉಪ್ಪಿಟ್ಟಲ್ಲ ಜಯಾ, ಸಿಮೆಂಟು! ಆದ್ರ ತಳಾ ಕಾಣೂತನಕ ತಿಂದೆ" ಎಂದಳು. ಆ ಡಬ್ಬಿ ಆಮೇಲೆ ತಪ್ಪಲಿಲ್ಲ. ಆದರೂ ಅವಳು ತೆಳ್ಳಗಾಗಲಿಲ್ಲ. ಶನಿವಾರಕ್ಕೊಂದು ವಡಾ ಪಾವ್ ತಿನ್ನುವುದನ್ನೂ ಬಿಡಲಿಲ್ಲ. ಆದರೆ ಲೋಕಲ್‌ನಲ್ಲಿ ಈಗ "ಜರಾ ಸರ್ಕೋ" ಎಂದು ಜಾಗ ಕೇಳಿ ಕೂರುತ್ತಿದ್ದಳು.

ನಿವೃತ್ತಿಯಾದ ಮೇಲೆ ಅವರು ಘಾಟ್ಕೋಪರಿಗೆ ಹೋದರು. ನಿಮ್ಮ ತಾತ ತೀರಿಕೊಂಡ ವರ್ಷ ನಾನು ಅವಳನ್ನು ನೋಡಲು ಹೋದೆ. ಕಾಯಿಲೆ ಅವಳ ಮೈಯನ್ನು ಇಳಿಸಿಬಿಟ್ಟಿತ್ತು. "ಡಾಕ್ಟರಿಗೆ ಬೇಕಾದಷ್ಟು ಇಳದೆ ನೋಡು. ಈಗ ಸೀರಿ ನಿಲ್ಲವಲ್ದು" ಎಂದು ಅದೇ ದನಿಯಲ್ಲಿ ನಕ್ಕಳು. ಹೊರಡುವಾಗ ಅವಳ ಮಗ ಫೋಟೋ ತೆಗೆಯಲು ಬಂದ. ಗಂಡನಿಲ್ಲದ ಹಣೆ ಹೊತ್ತು ಎಲ್ಲಿ ನಿಲ್ಲಲಿ ಎಂದು ನಾನು ಅವಳ ಕುರ್ಚಿಯ ಹಿಂದೆ ಸರಿದೆ. ಅವಳು ಕೈ ಹಿಡಿದು ಎಳೆದಳು.

"ಹಿಂದ ಯಾಕ ಅಡಗತಿ? ಮುಂದ ಬಾ ಜಯಾ. ಪೂರ್ತಿ ಬರಬೇಕು."

ಆಮೇಲೆ ನಾನು ಅವಳನ್ನು ನೋಡಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟಳು. ಸುನೀತಾ ಕೊಟ್ಟಿದ್ದ ಕ್ಯಾಸೆಟ್ ಬೂಷ್ಟು ಹಿಡಿದು ಹಾಳಾಯಿತು. ಆ ಫೋಟೋ ಮಾತ್ರ ಉಳಿದಿದೆ. ನನ್ನ ಮದುವೆಯ ಫೋಟೋದಲ್ಲೂ ನಾನು ತಲೆ ಬಗ್ಗಿಸಿದ್ದೇನೆ. ಇದೊಂದರಲ್ಲಿ ನನ್ನ ಮುಖ ಪೂರ್ತಿ ಇದೆ. ಅದನ್ನು ಈ ಹಾಳೆಗಳ ನಡುವೆ ಇಟ್ಟಿದ್ದೇನೆ. ಮೇಘಾ, ಮೊದಲು ನೀನು ನೋಡು. ನಿನ್ನದೂ ಒಂದು ಫೋಟೋ, ಮುಂದೆ ನಿಂತದ್ದು, ಅದರ ಜೊತೆ ಸೇರಿಸು. ಮಳೆಗಾಲದ ತೇವ ತಾಗದ ಜಾಗದಲ್ಲಿ ಇವನ್ನೆಲ್ಲ ಒಟ್ಟಿಗೆ ಜೋಪಾನವಾಗಿ ಇಡಿ.