ಕೊಟ್ಟಿಗೆಯಲ್ಲಿದ್ದ ವಿಮಾನದ ಬಾಲ

ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದ ಕಾಲವದು. ನಮ್ಮ ಹಿರಿಯರು ಕಚೇರಿ ಕೆಲಸವೆಂದರೆ ಇನ್ನೂ ಕೊಯಮತ್ತೂರಿನ ದಿಕ್ಕನ್ನೇ ನೋಡುತ್ತಿದ್ದರು. ಬೇಸಿಗೆ ರಜೆ ಆರಂಭವಾದೊಡನೆ ಯಳಂದೂರಿನಿಂದ ನನ್ನನ್ನು ಕಾಮಗೆರೆಯ ಅಜ್ಜಿಯ ಮನೆಗೆ ಕಳುಹಿಸುವುದು ವಾಡಿಕೆಯಾಗಿತ್ತು. ಬಸ್ಸಿನಲ್ಲಿ ಹೊಗೆಸೊಪ್ಪಿನ ವಾಸನೆ, ಬಾಡಿದ ಮಲ್ಲಿಗೆಯ ವಾಸನೆ, ಯಾರದೋ ಚೀಲದಿಂದ ಇಣುಕುವ ಕೋಳಿ. ಇಳಿದು ಮನೆಯ ಓಣಿಗೆ ತಿರುಗಿದರೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಎದುರುಗೊಳ್ಳುತ್ತಿತ್ತು. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿರುತ್ತಿದ್ದಳು. ಬಿದ್ದ ಬೀಜಗಳು ನಮ್ಮ ಚೌಕಾಬಾರದ ಕಾಯಿಗಳಾಗುತ್ತಿದ್ದವು.

ಇಂತಹ ನೆನಪುಗಳು ಎಲ್ಲರಿಗೂ ಇರುತ್ತವೆ. ಬೇರೆ ಯಾರ ಅಜ್ಜಿಯ ಮನೆಯಲ್ಲೂ ಇಲ್ಲದ್ದು ನಮ್ಮಲ್ಲೊಂದಿತ್ತು. ದನದ ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ವಿಮಾನದ ಬಾಲ. ‘ಬಾಲ’ ಎಂಬುದು ಸರಿಯಾದ ಪದವಲ್ಲ. ಅದು ವಿಮಾನದ ಹಿಂತುದಿಯಲ್ಲಿ ನೆಟ್ಟಗೆ ನಿಲ್ಲುವ ರೆಕ್ಕೆ ಎಂದು ಮುಂದೆ ಓದಿ ತಿಳಿದುಕೊಂಡೆ. ಆದರೆ ಮನೆಯವರೆಲ್ಲ ಬಾಲವೆಂದೇ ಕರೆದರು. ಇಲ್ಲಿ ನಾನೂ ಹಾಗೆಯೇ ಬರೆಯುತ್ತೇನೆ. ನಮ್ಮ ಸೋದರಮಾವ ಗುರುಸ್ವಾಮಿಗಿಂತ ಎತ್ತರವಿತ್ತು. ಒಂದು ಮಗ್ಗುಲು ಪೂರ್ತಿ ಸುಟ್ಟು ಮಸಿ ಕಟ್ಟಿತ್ತು. ಮಸಿಯ ಕೆಳಗೆ ಅಕ್ಷರಗಳ ನೆರಳಿನಂಥದ್ದೇನೋ ಇತ್ತು.

ಮಹಾಯುದ್ಧದ ಕಾಲದಲ್ಲಿ ಮಾವ ಇನ್ನೂ ಮೀಸೆ ಚಿಗುರುತ್ತಿದ್ದ ಯುವಕ. ಹನೂರಿನಾಚೆಯ ಗುಡ್ಡಗಳಿಗೆ ಬಿದಿರಿನ ಗಾಡಿಗಳ ಜೊತೆ ಹೋಗಿದ್ದಾಗ, ಮಂಜಿನೊಳಗಿಂದ ದೊಡ್ಡ ಸದ್ದೂ ಅದರ ಹಿಂದೆ ಹೊಗೆಯೂ ಬಂದವಂತೆ. ಇವರು ಹತ್ತಿ ತಲುಪುವಷ್ಟರಲ್ಲಿ ಎಲ್ಲವೂ ಉರಿದಿತ್ತು. ಒಳಗಿದ್ದವನು ಒಬ್ಬನೇ. ಅವನು ಬಿಳಿಯನೋ ನಮ್ಮವನೋ ಎಂದು ಹೇಳಲು ಮುಖವೇ ಉಳಿದಿರಲಿಲ್ಲ. ಬಿದಿರು ಕಡಿಯುವವರೂ ಗಾಡಿಯವರೂ ಸೇರಿ ಅಲ್ಲಿಯೇ ಮಣ್ಣು ಮಾಡಿ ಕಲ್ಲು ಪೇರಿಸಿದರು. ಸರ್ಕಾರದವರು ಬಂದು ನೋಡಿ ಹೋದರೆಂದು ಕೆಲವರೂ, ಯಾರೂ ಬರಲೇ ಇಲ್ಲವೆಂದು ಕೆಲವರೂ ಹೇಳುತ್ತಿದ್ದರು. ವಿಮಾನದ ತಗಡೆಲ್ಲ ಸುತ್ತಲಿನ ಊರುಗಳಲ್ಲಿ ತಪ್ಪಲೆಯಾಗಿ, ದನದ ಬಾನಿಯಾಗಿ ಕರಗಿಹೋಯಿತು. ಹಳ್ಳದ ಪೊದೆಯಲ್ಲಿ ಸಿಕ್ಕಿಕೊಂಡಿದ್ದ ಬಾಲವನ್ನು ಮಾತ್ರ ಮಾವ ಎಷ್ಟೋ ವರ್ಷಗಳ ಮೇಲೆ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ.

ಅದನ್ನು ಮಾವ ಏಕೆ ತಂದನೆಂಬುದಕ್ಕೆ ಮನೆಯೊಳಗೇ ಕಾರಣವಿತ್ತು. ಅವನ ಅಣ್ಣ ನಂಜಪ್ಪ ಅದೇ ಯುದ್ಧದಲ್ಲಿ ಸೈನ್ಯದ ಲಾರಿ ಓಡಿಸಲು ಸೇರಿ ಬರ್ಮಾ ಕಡೆಗೆ ಹೋದವನು ಹಿಂದಿರುಗಲಿಲ್ಲ. ಸತ್ತನೆಂಬ ಸುದ್ದಿಯೂ ಬರಲಿಲ್ಲ. ಪ್ರತಿವರ್ಷ ಹಿರಿಯರಿಗೆ ಎಡೆ ಇಡುವ ದಿನ ಅಜ್ಜಿ ಅವನ ಹೆಸರಿನಲ್ಲಿ ತಂದ ಪಂಚೆಯನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ಇಟ್ಟರೆ ಮಗನನ್ನು ತಾನೇ ಕೊಂದಂತೆ. ಇಡದಿದ್ದರೆ, ಅವನು ಸತ್ತಿದ್ದ ಪಕ್ಷದಲ್ಲಿ, ಹಸಿವಿನಲ್ಲೇ ಕಳುಹಿಸಿದಂತೆ. ಕೊನೆಗೆ ಪಂಚೆಯನ್ನು ಪೆಟ್ಟಿಗೆಗೇ ಹಿಂದಿರುಗಿಸುತ್ತಿದ್ದಳು.

"ನಮ್ಮಣ್ಣನ್ದೇ ಗೊತ್ತಾಗ್ನಿಲ್ಲ. ಈ ಬಾಲ್ದ ಮ್ಯಾಲೆ ನಂಬರ್ ಅದೆ. ಓದಾರು ಓದುದ್ರೆ ಇಂವ ಯಾರು ಅಂತ ಗೊತ್ತಾಯ್ತದೆ. ಇವನವ್ವಂಗಾದ್ರೂ ಗೊತ್ತಾಗ್ಲಿ ಕಣವ್ವ," ಎಂದು ಮಾವ ಅಜ್ಜಿಗೆ ಹೇಳಿದ್ದ. ಅಂದಿನಿಂದ ಅಜ್ಜಿಯೂ ಆ ಬಾಲವನ್ನು ಮನೆಗೆ ಬಂದ ನೆಂಟನಂತೆಯೇ ನೋಡಿಕೊಂಡಳು. ದನಗಳು ಉಜ್ಜದಂತೆ ಅಡ್ಡಲಾಗಿ ಬಿದಿರು ಕಟ್ಟಿಸಿದಳು.

ಊರಿಗೆ ಮಾತ್ರ ಅದು ತಮಾಷೆ. ಎದುರು ಮನೆಯ ಪುಟ್ಟಬಸಪ್ಪ ದಾರಿಯಲ್ಲಿ ನಿಂತು ಕೂಗುತ್ತಿದ್ದ:

"ಏನ್ ಗುರುಸ್ವಾಮಿ, ನಿನ್ ಇಮಾನ ಯಾವಾಗ್ಲಾ ಏಳಾದು? ಮಾರ್ಟಳ್ಳಿಗೊಂದು ಟಿಕೇಟ್ ಕೊಡು. ಬಸ್ಸಿಗೆ ನಿಂತೂ ನಿಂತೂ ಕಾಲ್ ಬಿದ್ದೋದೋ."

"ಬಾಲ ಒಂದೇ ಅದೆ. ಮೂತಿ ನೀನಾಯ್ತೀಯಾ? ಇವತ್ತೇ ಏಳುಸ್ತೀನಿ."

ಎಲ್ಲಿಯೋ ಹಳೆಯ ವಿಮಾನಗಳನ್ನು ಕೂಡಿಡುವ ವಸ್ತುಸಂಗ್ರಹಾಲಯವೊಂದಿದೆಯೆಂದು ಶಾಲೆಯ ಮೇಷ್ಟ್ರಿಂದ ತಿಳಿದ ಮೇಲೆ ಮಾವನ ನಿದ್ದೆ ಹಾರಿತ್ತು. ಮೇಷ್ಟ್ರ ಕೈಯಲ್ಲಿ ಅರ್ಜಿ ಬರೆಸಿ ಮೊದಲು ಕೊಯಮತ್ತೂರಿಗೆ ಕಳುಹಿಸಿದ. ನಿಮ್ಮ ತಾಲ್ಲೂಕು ಈಗ ನಮ್ಮದಲ್ಲ ಎಂದು ಉತ್ತರ ಬಂತು. ಮೈಸೂರಿಗೆ ಬರೆದರೆ, ಯುದ್ಧಕಾಲದಲ್ಲಿ ನೀವು ನಮ್ಮವರಾಗಿರಲಿಲ್ಲ ಎಂದರು. ಮಾವ ಬಿಡಲಿಲ್ಲ; ಕೊನೆಗೆ ನೇರವಾಗಿ ವಸ್ತುಸಂಗ್ರಹಾಲಯಕ್ಕೇ ಬರೆಸಿದ.

"ಮ್ಯೂಜಿಯಮ್ ಅಂದ್ರೆ ಏನ್ ಮಾವ?" ಎಂದು ಕೇಳಿದೆ.

"ಮುರಿದೋದ್ ಸಾಮಾನ ಎಸೀದಂಗೆ ಮಡಿಕೊಳಾ ಮನೆ ಕಣ್ ಕೂಸು."

"ಅಂಗಾರೆ ನಮ್ಮಜ್ಜಿ ಅಟ್ಟ?" ಎಂದ ಮಾವನ ಮಗ ಮಾದೇಶ. ಅವನು ನನ್ನ ಓರಗೆಯವನು. ಅಜ್ಜಿಯ ಕೈಯಿಂದ ಒಂದು ಗುದ್ದು ಬಿತ್ತು.

ನಾನು ನಾಲ್ಕನೆಯ ತರಗತಿ ಮುಗಿಸಿದ್ದ ಬೇಸಿಗೆಯಲ್ಲಿ ವಸ್ತುಸಂಗ್ರಹಾಲಯದಿಂದ ಉತ್ತರ ಬಂದೇ ಬಂತು. ಪರಿಶೀಲಿಸಲು ಒಬ್ಬ ಅಧಿಕಾರಿಯನ್ನು ಕಳುಹಿಸುವರು. ಅಲ್ಲಿಯವರೆಗೆ ಮಸಿಯನ್ನು ಯಾರೂ ಉಜ್ಜಕೂಡದು, ಬಣ್ಣ ಹಾಕಕೂಡದು. ಮಸುಕಾದ ಅಕ್ಷರಗಳನ್ನು ಛಾಯಾಚಿತ್ರ ತೆಗೆದು ಓದುವ ಉಪಾಯ ತಮ್ಮಲ್ಲಿದೆ ಎಂದು ಬರೆದಿದ್ದರು. ಮೇಷ್ಟ್ರು ಓದಿ ಹೇಳಿದ್ದನ್ನು ಮಾವ ನಮ್ಮಿಬ್ಬರನ್ನು ಮುಂದೆ ನಿಲ್ಲಿಸಿಕೊಂಡು ತನ್ನ ರೀತಿಯಲ್ಲಿ ಸಾರಿದ: "ಕೈ ಇಕ್ಕುದ್ರೆ ಕಾಲ್ ಮುರ್ದಾಕ್ಬುಡ್ತೀನಿ."

ಅಧಿಕಾರಿ ಬರುವ ದಿನ ಮಾವ ಒಗೆದ ಅಂಗಿ ತೊಟ್ಟು, ಮೊದಲ ಬಸ್ಸಿಗೇ ಕೊಳ್ಳೇಗಾಲಕ್ಕೆ ಹೊರಟ. ಅಲ್ಲಿಂದ ಜೀಪಿಗೆ ದಾರಿ ತೋರಿಸಿ ಕರೆತರಬೇಕಾಗಿತ್ತು. ಅವನು ಹೋದ ಮೇಲೆ ಅಜ್ಜಿ ಹಾಲು ಕರೆದು, ಕೊಟ್ಟಿಗೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಬಳಿಕ ಪಕ್ಕದ ಮನೆಯ ಹೆಂಗಸರನ್ನು ಕೂಗಿ ಬಾಲವನ್ನು ಹೊಂಗೆಮರದ ಕೆಳಗೆ ಎತ್ತಿಸಿದಳು. ಒಂದು ಬೋಗುಣಿಯಲ್ಲಿ ಹುಣಸೆಹಣ್ಣು ಕಿವುಚಿ, ಬೂದಿ, ಇಟ್ಟಿಗೆಪುಡಿ, ತೆಂಗಿನ ನಾರು ತಂದಳು.

"ಅಜ್ಜಿ, ಮುಟ್ಬ್ಯಾಡಿ ಅಂದವ್ರೆ ಮಾವ," ಎಂದೆ.

"ಅದು ಮಕ್ಕಳಿಗಂದದ್ದು. ನಂಗೇನ್ ಏಳಾನು ಅಂವ? ಅವನ್ನೇ ತೊಳ್ದು ಬೆಳ್ಸಿರೋಳು ನಾನು."

"ಮಸಿ ಉಜ್ಬ್ಯಾಡಿ ಅಂತ ಕಾಗ್ದ ಬಂದದೆ ಅಜ್ಜಿ."

"ಕಾಗ್ದ ಬರ್ದೋನ್ಗೇನ್ ಗೊತ್ತು? ಇದು ಸತ್ತ ಮಗನ್ ಸಾಮಾನು. ಎತ್ತವ್ವನ್ ಮನೆಗೆ ಓಗಾದು. ಇಷ್ಟ್ ಮಸಿ ಮೆತ್ಕಂಡು ಓದ್ರೆ ಆ ತಾಯಿ ಏನ್ ಅಂದಾಳು? ಕಾಮಗೆರೆಲಿ ಒಬ್ಬ ಎಂಗ್ಸಿರ್ನಿಲ್ವಾ ತೊಳ್ದು ಕಳ್ಸಾಕೆ ಅನ್ನಾಕಿಲ್ವಾ?"

ಹೆಂಗಸರೆಲ್ಲ ಕುಕ್ಕರಗಾಲಿನಲ್ಲಿ ಕುಳಿತು ಉಜ್ಜಿದರು. ಹುಣಸೆಯ ಹುಳಿ ವಾಸನೆಗೆ ನನ್ನ ಬಾಯಿಯಲ್ಲಿ ನೀರೂರಿದ್ದು ನೆನಪಿದೆ. ಮಸಿ ಕರಗಿ ಕಪ್ಪು ನೀರಾಗಿ ಹೊಂಗೆಯ ಬೇರಿಗೆ ಹರಿಯಿತು. ಅದರಡಿಯಿಂದ ಒದ್ದೆಯಾದ ಬೂದುಬಣ್ಣವೂ ಅದರ ಮೇಲೆ ಸಾಲಾಗಿ ಅಕ್ಷರಗಳೂ ಕಾಣಿಸಿಕೊಂಡವು. ಎಷ್ಟು ಸ್ಪಷ್ಟವಾಗಿದ್ದವೆಂದರೆ ಯಾರು ಬೇಕಾದರೂ ಓದಬಹುದಾಗಿತ್ತು. ಆದರೆ ಅವು ಇಂಗ್ಲಿಷಿನವು; ನಮಗೆ ಇಂಗ್ಲಿಷ್ ಆರಂಭವಾಗುತ್ತಿದ್ದುದು ಐದನೆಯ ತರಗತಿಯಲ್ಲಿ. ಅಜ್ಜಿ ಮತ್ತೊಂದು ಹಿಡಿ ಬೂದಿ ಎರಚಿದಳು. ಸುಟ್ಟು ಗರಿಗರಿಯಾಗಿದ್ದ ಬಣ್ಣ ನಾರಿಗೆ ಸಿಕ್ಕಿ ಅಕ್ಷರಗಳ ಸಮೇತ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಸ್ವಲ್ಪ ಹೊತ್ತಿನಲ್ಲಿ ಇಡೀ ಬಾಲ ಹೊಸ ತಪ್ಪಲೆಯಂತೆ ಹೊಳೆಯತೊಡಗಿತು. ಅಜ್ಜಿ ಸೀರೆಯ ಸೆರಗಿನಿಂದ ಒರೆಸಿ, ವಿಭೂತಿಯ ಮೂರು ಗೆರೆ ಎಳೆದಳು.

"ಈಗ ನೋಡು, ಎಂಗವ್ನೆ," ಎಂದಳು.

ಜೀಪು ಓಣಿಗೆ ತಿರುಗಿದಾಗ ಮಾವ ಮುಂದಿನ ಸೀಟಿನಲ್ಲಿ ನೆಟ್ಟಗೆ ಕುಳಿತಿದ್ದ. ಪುಟ್ಟಬಸಪ್ಪ ನೋಡುತ್ತಿರುವನೋ ಇಲ್ಲವೋ ಎಂದು ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ಹೊಂಗೆಮರದ ಕಡೆ ನೋಡಿದ. ಜೀಪು ನಿಂತರೂ ಇಳಿಯಲಿಲ್ಲ.

ಅಧಿಕಾರಿ ನಡುವಯಸ್ಸಿನ ಸೌಮ್ಯ ಮನುಷ್ಯ. ಟೋಪಿ ತೆಗೆದು ಬಾಲದ ಸುತ್ತ ಒಂದು ಸುತ್ತು ಬಂದರು.

"ಯಾರ್ರೀ ಇದನ್ನ ತೊಳೆದದ್ದು?"

ಅಜ್ಜಿ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದಳು. ಉಗುರುಗಳಲ್ಲೆಲ್ಲ ಮಸಿ. ಉತ್ತರಿಸಲು ಬಾಯಿ ತೆರೆದಳು. ಮಾವ ಜೀಪಿನಿಂದ ಇಳಿದು ಅಡ್ಡ ಬಂದ.

"ನಾನೇ ಸಾ. ನೆನ್ನೆ."

"ಮುಟ್ಟಬೇಡಿ ಅಂತ ಬರೆದಿದ್ದೆವಲ್ಲ?"

"ತಪ್ಪಾಯ್ತು ಸಾ."

ಮಾವ ಕಣ್ಸನ್ನೆ ಮಾಡಿ ಅಜ್ಜಿಯನ್ನು ಒಳಗೆ ಕಳುಹಿಸಿದ. ಅಧಿಕಾರಿ ನೆಲದ ಮೇಲೆ ಮೊಣಕಾಲೂರಿ, ಭೂತಗನ್ನಡಿ ಹಿಡಿದು, ತಗಡನ್ನು ಓರೆ ಬೆಳಕಿನಲ್ಲಿ ಅಂಗುಲ ಅಂಗುಲವಾಗಿ ನೋಡಿದರು. ಮಾವನೂ ಪಕ್ಕದಲ್ಲಿ ಕುಕ್ಕರಿಸಿ ಅವರ ಮುಖವನ್ನೇ ನೋಡುತ್ತಿದ್ದ.

"ಒಂದಕ್ಸರನೂ ಇಲ್ವಾ ಸಾ?"

"ಇಲ್ಲಪ್ಪ. ಇದೇ ಬಗೆಯ ಬಾಲವಿದ್ದ ವಿಮಾನಗಳು ಆಗ ಲೆಕ್ಕವಿಲ್ಲದಷ್ಟು ಹಾರಾಡಿದವು. ಬಿದ್ದವೂ ಬಹಳ. ನಂಬರಿಲ್ಲದೆ ಇದು ಯಾವುದು, ಇದರಲ್ಲಿದ್ದವನು ಯಾರು ಅಂತ ಹೇಳುವವರು ಯಾರೂ ಇಲ್ಲ."

"ಮ್ಯೂಜಿಯಮ್ನಲ್ಲಾದ್ರೂ ಮಡಿಕಳಿ ಸಾ. ಯಾರಾದ್ರೂ ನೋಡಾರು, ಗುರುತಿಸಾರು."

"ಏನಂತ ಬರೆದು ಇಡಲಿ ಹೇಳು?"

ಅಧಿಕಾರಿ ಮಜ್ಜಿಗೆ ಕುಡಿದು, ಲೋಟ ತೆಗೆದುಕೊಳ್ಳಲು ಹೊರಬಂದ ಅಜ್ಜಿಗೆ ಕೈಮುಗಿದು ಹೊರಟುಹೋದರು.

"ಯಾಕ್ಲಾ ತಕಂಡೋಗ್ನಿಲ್ಲ?" ಎಂದಳು ಅಜ್ಜಿ.

"ಜೀಪ್ನಲ್ಲಿ ಇಡ್ಸಾಕಿಲ್ಲ ಕಣವ್ವ. ಲಾರಿ ಕಳುಸ್ತಾರಂತೆ."

ಒಂದು ವಾರದ ಮೇಲೆ ಅಜ್ಜಿ ಹನೂರಿನ ಮದುವೆಗೆ ಹೋಗಿದ್ದಾಗ ಮಾವ ಗಾಡಿ ಕಟ್ಟಿದ. ಬಾಲದ ಮೇಲೆ ಹುಲ್ಲು ಮುಚ್ಚಿ, ಗುಡ್ಡಕ್ಕೆ ಕೊಂಡೊಯ್ದು, ಆ ಕಲ್ಲುಗುಡ್ಡೆಯ ಪಕ್ಕದಲ್ಲಿ ಮಲಗಿಸಿ ಬಂದ. ಲಾರಿ ಬಂದು ಹೋಯಿತೆಂದು ಅಜ್ಜಿಗೆ ಹೇಳಿದ. ನಮಗೂ ಹಾಗೆಯೇ ಹೇಳಬೇಕೆಂದು ಆಣೆ ಹಾಕಿಸಿದ. ಅಜ್ಜಿ ಆ ರಾತ್ರಿ ಸಮಾಧಾನದಿಂದ ಉಂಡಳು.

"ಸದ್ಯ, ತಲುಪ್ತದೆ. ಆ ಎಣ್ಣು ಇನ್ ಮ್ಯಾಲೆ ಮಗನಿಗೆ ಎಡೆ ಇಡ್ತಾಳೆ ಬುಡು," ಎಂದಳು.

ಮಾವ ತಟ್ಟೆಯಲ್ಲೇ ಕೈ ತೊಳೆದುಕೊಂಡು ಎದ್ದ. ಆ ಮೇಲೆ ವಿಮಾನದ ಮಾತನ್ನು ಅವನು ಆಡಲಿಲ್ಲ. ಪುಟ್ಟಬಸಪ್ಪನಿಗೂ ತಮಾಷೆ ಸಾಕೆನ್ನಿಸಿರಬೇಕು.

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಉದ್ಯೋಗನಿಮಿತ್ತ ಹೋದ ಊರುಗಳಲ್ಲಿ ವಿಮಾನಗಳ ವಸ್ತುಸಂಗ್ರಹಾಲಯವಿದ್ದರೆ ತಪ್ಪದೆ ನೋಡಿದ್ದೇನೆ; ಪುಸ್ತಕಗಳನ್ನು ತರಿಸಿ ಓದಿದ್ದೇನೆ. ಯುದ್ಧಕಾಲದ ವಿಮಾನಗಳನ್ನು ಈಗ ದೂರದಿಂದಲೇ ಹೆಸರು ಹೇಳಿ ಗುರುತಿಸಬಲ್ಲೆ. ಹಗ್ಗದಾಚೆ ನಿಂತ ಪ್ರತಿಯೊಂದರ ಬಾಲದ ಮೇಲೂ ಅಕ್ಷರ ಮತ್ತು ಸಂಖ್ಯೆಗಳಿವೆ. ಅವುಗಳಲ್ಲಿ ಯಾವುದಾದರೊಂದು ಸಾಲನ್ನು ಕಂಡಾಗ ಅಂದು ಹೊಂಗೆಮರದ ಕೆಳಗೆ ಒದ್ದೆ ತಗಡಿನ ಮೇಲೆ ಕಂಡದ್ದು ನೆನಪಿಗೆ ಬಂದೀತೆಂದು ಬಹಳ ಹೊತ್ತು ನಿಲ್ಲುತ್ತೇನೆ. ಬರುವುದಿಲ್ಲ. ಓದಲು ಬಾರದ ಅಕ್ಷರವನ್ನು ಮನಸ್ಸು ಉಳಿಸಿಕೊಳ್ಳುವುದಿಲ್ಲ.

ಎಪ್ಪತ್ತರ ದಶಕದಲ್ಲಿ ಆ ಕಡೆಯ ಗುಡ್ಡಗಳಲ್ಲಿ ಕರಿಕಲ್ಲಿನ ಗಣಿಗಳು ಆರಂಭವಾದವು. ಮಾವ ಬದುಕಿರುವಾಗಲೇ ಒಮ್ಮೆ ಹೋಗಿ ನೋಡಿ ಬಂದ. ಕಲ್ಲುಗುಡ್ಡೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಗುಡ್ಡವಿದ್ದಲ್ಲಿ ನೀರು ನಿಂತ ಗುಂಡಿಯಿತ್ತು. ಅಲ್ಲಿಂದ ತೆಗೆದ ಕಲ್ಲನ್ನು ಹಡಗಿನಲ್ಲಿ ಪರದೇಶಗಳಿಗೆ ಸಾಗಿಸುತ್ತಾರೆ. ಅಲ್ಲಿ ಅದಕ್ಕೆ ಹೊಳಪು ಕೊಟ್ಟು, ಸತ್ತವರ ಹೆಸರು ಕೊರೆದು ಸಮಾಧಿಗಳ ಮೇಲೆ ನಿಲ್ಲಿಸುತ್ತಾರಂತೆ. ಆ ಗುಡ್ಡದ ಕಲ್ಲುಗಳ ಮೇಲೆ ಈಗ ಎಷ್ಟೋ ಜನರ ಹೆಸರುಗಳಿರಬಹುದು. ಆ ವಿಮಾನದಲ್ಲಿದ್ದವನದಿಲ್ಲ. ಇನ್ನು ಆ ಸಂಖ್ಯೆ ಎಲ್ಲಿಯಾದರೂ ಸಿಕ್ಕಿದರೂ, ಯಾರಿಗೆ ತಿಳಿಸಬೇಕಾಗಿತ್ತೋ ಆ ತಾಯಿ ಯಾವ ದೇಶದಲ್ಲಿಯೂ ಬದುಕಿರಲಾರಳು.